ಸೂರ್ಯನ ಗಾಳಿ ಒತ್ತಿದರೆ ಏನಾಗುತ್ತದೆ?

ಪ್ರಶ್ನೆ: ಸೌರಮಾರುತದ ಒತ್ತಡ ಜಾಸ್ತಿಯಾದರೆ ಭೂಮಿಯ ಕಾಂತಕ್ಷೇತ್ರ ಕುಗ್ಗುತ್ತದೆ ಎಂದು ಓದಿದೆ. ಆಕಾಶದಲ್ಲಿ ಗಾಳಿಯೇ ಇಲ್ಲವಲ್ಲ, ಒತ್ತುವುದು ಏನು? ನಮ್ಮೂರಿನ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವ ಉಪಗ್ರಹಗಳಿಗೆ ತೊಂದರೆಯಾಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಒತ್ತುವುದು ಸೂರ್ಯನಿಂದ ಹೊರಟ ಪ್ರೋಟಾನು, ಎಲೆಕ್ಟ್ರಾನುಗಳು. ಈ ಕಣಗಳ ಹರಿವೇ ಸೌರಮಾರುತ. ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ಐದಾರು ಪ್ರೋಟಾನು ಇದ್ದರೆ ಹೆಚ್ಚು. ಆದರೆ ವೇಗ ನೋಡಿ, ಸೆಕೆಂಡಿಗೆ ಸುಮಾರು 400 ಕಿ.ಮೀ. ಇಷ್ಟಾದರೂ ಒತ್ತಡ ಎರಡು ನ್ಯಾನೋಪ್ಯಾಸ್ಕಲ್ ಅಷ್ಟೇ, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ 50 ಲಕ್ಷ ಕೋಟಿಯಲ್ಲಿ ಒಂದು ಪಾಲು. ಭೂಮಿಯ ಕಾಂತಕ್ಷೇತ್ರ ದೂರ ಹೋದಂತೆ ತೆಳುವಾಗುತ್ತಾ ಹೋಗಿ, ಸೂರ್ಯನ ಕಡೆಗೆ ಭೂಕೇಂದ್ರದಿಂದ ಸುಮಾರು 64,000 ಕಿ.ಮೀ. ದೂರದಲ್ಲಿ ಈ ಒತ್ತಡಕ್ಕೆ ಸರಿಸಮವಾಗುತ್ತದೆ. ಅದೇ ಕಾಂತಕ್ಷೇತ್ರದ ಗಡಿ.

ಈ ಗಡಿ ಸುಲಭಕ್ಕೆ ಜಗ್ಗುವುದಿಲ್ಲ. ಒಳಕ್ಕೆ ತಳ್ಳಿದಷ್ಟೂ ಕಾಂತಕ್ಷೇತ್ರ ಬೇಗಬೇಗ ಗಟ್ಟಿಯಾಗುತ್ತದೆ. ಗಡಿಯನ್ನು ಅರ್ಧ ದೂರಕ್ಕೆ ತರಬೇಕೆಂದರೆ ಒತ್ತಡ 64 ಪಟ್ಟು ಬೇಕು! ನಿಮ್ಮ ಹಾಸನದ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವವು) ಭೂಕೇಂದ್ರದಿಂದ 42,000 ಕಿ.ಮೀ. ದೂರದಲ್ಲಿವೆ. ಗಡಿ ಅಲ್ಲಿಗೆ ಬರಲು ಹನ್ನೆರಡು ಪಟ್ಟು ಒತ್ತಡ ಸಾಕು, ದೊಡ್ಡ ಸೌರಸ್ಫೋಟಗಳಲ್ಲಿ ಹಾಗಾಗುವುದುಂಟು. ಆಗ ಹಗಲಿನ ಕಡೆ ಇರುವ ಉಪಗ್ರಹಗಳು ಕಾಂತಕ್ಷೇತ್ರವೆಂಬ ಗುರಾಣಿಯ ಹೊರಗೆ ಬಿದ್ದಹಾಗೆ. ಭೂಮಿಯ ಕಾಂತಕ್ಷೇತ್ರವನ್ನು ನಂಬಿ ತಮ್ಮ ನಿಲುವು ಸರಿಪಡಿಸಿಕೊಳ್ಳುವ ಉಪಗ್ರಹಗಳಿಗೆ ದಿಕ್ಕೇ ತಪ್ಪಬಹುದು.

ನೆಲದ ಮೇಲೂ ಇದು ಗೊತ್ತಾಗುತ್ತದೆ. ಗಡಿ ಒಳಕ್ಕೆ ಸರಿದಾಗ ಅಲ್ಲಿ ಹರಿಯುವ ವಿದ್ಯುತ್ತು ಜೋರಾಗಿ, ಮುಂಬಯಿ ಹತ್ತಿರದ ಅಲಿಬಾಗ್ ವೀಕ್ಷಣಾಲಯದ ಕಾಂತಮಾಪಕದ ಗೆರೆ ಕೆಲವೇ ನಿಮಿಷಗಳಲ್ಲಿ ಥಟ್ಟನೆ ಮೇಲೇರುತ್ತದೆ. ಕಾಂತೀಯ ಸಮಭಾಜಕದ ಬಳಿಯ ತಿರುನೆಲ್ವೇಲಿಯಲ್ಲಿ ಹಗಲು ಹೊತ್ತಿನಲ್ಲಿ ಈ ಜಿಗಿತ ಇನ್ನೂ ದೊಡ್ಡದು.

ನನಗೆ ಬಹಳ ಇಷ್ಟವಾದ ಘಟನೆ ಮಾತ್ರ ಇದರ ತದ್ವಿರುದ್ಧ. 1999ರ ಮೇ 11ರಂದು ಸೌರಮಾರುತ ಹೆಚ್ಚುಕಡಿಮೆ ನಿಂತೇಹೋಯಿತು, ಕಣಗಳ ಸಾಂದ್ರತೆ ಎಂದಿನ ನೂರರಲ್ಲಿ ಕೆಲವೇ ಪಾಲಿಗೆ ಇಳಿಯಿತು. ಒತ್ತುವವರಿಲ್ಲದೆ ನಮ್ಮ ಕಾಂತಗೋಳ, ಅಂದರೆ ಆ ಗಡಿಯ ಒಳಗಿನ ಜಾಗ, ಗಾತ್ರದಲ್ಲಿ ಐದಾರು ಪಟ್ಟು ಉಬ್ಬಿಕೊಂಡಿತು. ಎಷ್ಟು ಚೆಂದ, ಅಲ್ವಾ?

ಒಂದು ಮಾತು ಮರೆಯಬೇಡಿ. ಬರಿಯ ಒತ್ತಡದಿಂದ ದೊಡ್ಡ ಕಾಂತಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಭಾರೀ ಅಲ್ಲಾಟ) ಏಳುವುದಿಲ್ಲ. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಅದು ಭೂಮಿಯ ಕ್ಷೇತ್ರದ ಜೊತೆ ಬೆಸೆದುಕೊಂಡು, ಶಕ್ತಿ ಒಳಕ್ಕೆ ನುಗ್ಗಲು ಬಾಗಿಲು ತೆರೆಯುತ್ತದೆ. ಉತ್ತರಕ್ಕಿದ್ದರೆ ಎಷ್ಟೇ ಜೋರಾಗಿ ಗುದ್ದಿದರೂ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ. ಅದಕ್ಕೇ ಸೂರ್ಯನನ್ನು ಗಮನಿಸುವ ನಮ್ಮ ಇಸ್ರೋ ನೌಕೆ ಆದಿತ್ಯ-ಎಲ್1ರಲ್ಲಿ ಕಣ ಎಣಿಸುವ ಉಪಕರಣಗಳ ಜೊತೆಗೆ ಕಾಂತಮಾಪಕವನ್ನೂ ಇಟ್ಟಿದ್ದಾರೆ. 15 ಲಕ್ಷ ಕಿ.ಮೀ. ಆಚೆ ಅದನ್ನು ದಾಟಿದ ಸೌರಮಾರುತ ನಮ್ಮನ್ನು ಮುಟ್ಟಲು ಸುಮಾರು ಒಂದು ಗಂಟೆ ಬೇಕು, ಬಿರುಸಾಗಿದ್ದರೆ ಅರ್ಧ ಗಂಟೆ.