ದೇವರ ಚಿತ್ತ ಅನ್ನೋ ಮಾತು ಯಾರ ಬಾಯಿಂದ ಬರಬೇಕು?

ಈ ತಿಂಗಳು ಬಂದ ಕಾಗದಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ಸಿಟ್ಟಿನದ್ದು ಕೊಡಗಿನ ಅಮ್ಮತ್ತಿಯ ಒಬ್ಬ ನಿವೃತ್ತ ಮೇಷ್ಟ್ರದ್ದು. ವಿಷಯ ಇಷ್ಟೇ. ಅವರ ಪತ್ನಿ ತೀರಿಕೊಂಡು ಎರಡು ವರ್ಷ ಆಯ್ತು, ಪುಣ್ಯಸ್ಮರಣೆಗೆ ಅಂತ ನಮ್ಮ ಪತ್ರಿಕೆಗೆ ಪ್ರಕಟಣೆ ಕಳಿಸಿದ್ರು, ಅದರಲ್ಲಿ 'ದೇವರ ಚಿತ್ತದಂತೆ ನಮ್ಮನ್ನಗಲಿದ' ಅಂತ ಇತ್ತು. ನಾನು ಮೊದಲಿನ ಎರಡು ಪದ ತೆಗೆದು ಬರೀ 'ನಮ್ಮನ್ನಗಲಿದ' ಅಂತ ಹಾಕಿದೆ. ಅವರು ಬರೀತಾರೆ: "ಎರಡು ವರ್ಷದಿಂದ ನಾನು ನಿಂತಿರೋದೇ ಆ ಎರಡು ಪದದ ಮೇಲೆ. ಅದನ್ನ ಕಿತ್ತುಹಾಕೋ ಅಧಿಕಾರ ನಿಮಗೆ ಯಾರು ಕೊಟ್ರು? ದೇವರ ಚಿತ್ತ ಅಲ್ಲ ಅಂದ್ರೆ ನನ್ನ ಹೆಂಡತಿ ಸತ್ತಿದ್ದು ಯಾರ ಚಿತ್ತ? ದೇವರ ಕೈಲಿ ಆಗ್ಲಿಲ್ಲ ಅಂತೀರಾ?"

ಮೇಷ್ಟ್ರೇ, ಒಪ್ಕೋಬೇಕಾದ್ದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. ನಿಮ್ಮನ್ನ ಒಂದು ಮಾತು ಕೇಳ್ದೆ ಆ ಪದ ತೆಗೆದಿದ್ದು ತಪ್ಪು, ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ, ಕ್ಷಮಿಸಿ. ಆದ್ರೆ ಯಾಕೆ ತೆಗೆದೆ ಅನ್ನೋದನ್ನ ಹೇಳದೇ ಬಿಟ್ರೆ ನಿಮ್ಮಂಥ ಓದುಗರಿಗೆ ಅವಮಾನ ಮಾಡಿದ ಹಾಗೆ. ಮೂರು ಹಾಳೆ ಎರಡೂ ಕಡೆ ಕೈಯಲ್ಲೇ ಬರೆದು, ಬೈಬಲ್ಲಿನ ಅಧ್ಯಾಯ ವಚನ ಎಲ್ಲ ಹಾಕಿ ಕಳಿಸೋರು ಈಗ ಎಷ್ಟು ಜನ ಇದ್ದಾರೆ.

ನಿಮ್ಮ ಪಕ್ಷಕ್ಕೆ ಬಲ ಇಲ್ಲ ಅಂತ ಅಲ್ಲ. ನೀವೇ ತೋರಿಸಿದ ಹಾಗೆ ಧರ್ಮೋಪದೇಶಕಾಂಡ 32:39ರಲ್ಲಿ ಸಾಯಿಸೋನೂ ನಾನೇ ಬದುಕಿಸೋನೂ ನಾನೇ ಅಂತ ದೇವರೇ ಹೇಳ್ತಾನೆ. ನಿಮ್ಮ ಹಿರಿಯರು ಆನಂದಪುರದ ಬಾಸೆಲ್ ಮಿಷನ್ ಅನ್ನೋ ಪ್ರೊಟೆಸ್ಟೆಂಟ್ ಸಭೆಯವರು ಅಂತ ಬರ್ದಿದೀರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದ ಹರ್ಮನ್ ಮೋಗ್ಲಿಂಗ್ ಕಟ್ಟಿದ ಸಭೆ ಅದು, ಕನ್ನಡದಲ್ಲಿ ಪತ್ರಿಕೆ ಮಾಡೋ ನಮ್ಮೆಲ್ಲರಿಗೂ ಒಂದು ಲೆಕ್ಕದಲ್ಲಿ ಅಜ್ಜನ ಮನೆ. ಪ್ರೊಟೆಸ್ಟೆಂಟರಿಗೆ ಧರ್ಮ ಕಲಿಸೋಕೆ ಅಂತ ಬರೆದ ಜರ್ಮನ್ ನಾಡಿನ ಹೈಡೆಲ್‌ಬರ್ಗ್ ಪ್ರಶ್ನೋತ್ತರ, 1563ರದ್ದು, ಅದರ ಮೊದಲನೇ ಉತ್ತರದಲ್ಲೇ ಪರಲೋಕದ ತಂದೆಯ ಚಿತ್ತ ಇಲ್ಲದೆ ನನ್ನ ತಲೆಯ ಒಂದು ಕೂದಲೂ ಉದುರಲ್ಲ ಅಂತ ಇದೆ. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಅಂತೂ ದೇವರು ಕೆಟ್ಟದ್ದನ್ನ 'ಬರೀ ಆಗೋಕೆ ಬಿಟ್ಟ' ಅನ್ನೋ ಮಾತನ್ನೂ ಒಪ್ಪಲಿಲ್ಲ. 1542ರಲ್ಲಿ ಅವನ ಗಂಡುಮಗು ಹುಟ್ಟಿ ಸ್ವಲ್ಪ ದಿನಕ್ಕೇ ಹೋಯ್ತು, ದೇವರು ಆಳವಾದ ಗಾಯ ಮಾಡಿದ್ದಾನೆ, ಆದ್ರೆ ಅವನೂ ತಂದೆ, ತನ್ನ ಮಕ್ಕಳಿಗೆ ಯಾವುದು ಒಳ್ಳೇದು ಅಂತ ಅವನಿಗೆ ಗೊತ್ತು ಅನ್ನೋ ಅರ್ಥದಲ್ಲಿ ಸ್ನೇಹಿತನಿಗೆ ಬರೆದ. ಹಾಗೆ ಬರೆಯೋ ಶಕ್ತಿ ಇದ್ದವನ ಮುಂದೆ ನಾನು ತಲೆ ಬಾಗ್ತೀನಿ.

ಈಗ ನನ್ನ ಮಾತು ಕೇಳಿ.

ನನಗೆ ಹನ್ನೊಂದು ವರ್ಷ. ನಮ್ಮಪ್ಪ ಸಿದ್ದಾಪುರದ ಕಡೆ ಒಂದು ಎಸ್ಟೇಟಲ್ಲಿ ಮೇಸ್ತ್ರಿ, ನಾವು ಕೂಲಿಯವರ ಲೈನ್ ಮನೇಲಿ ಇದ್ವಿ. ಕಕ್ಕಡ ತಿಂಗಳ ಮಳೆ, ಹೊರಗೆ ಕೈ ಚಾಚಿದ್ರೆ ಕೈ ಕಾಣದಂಥ ಮಳೆ, ರಾತ್ರಿ ಊಟ ಆದ್ಮೇಲೆ ಅಪ್ಪನಿಗೆ ಎದೆನೋವು ಬಂತು. ಅಮ್ಮ ಗೋಣಿ ಕೊಪ್ಪೆ ಹಾಕ್ಕೊಂಡು ಬಂಗ್ಲೆಗೆ ಓಡಿದ್ರು, ಎಸ್ಟೇಟಿನ ದೊರೆಯ ಜೀಪು ಶೆಡ್ಡಲ್ಲೇ ನಿಂತಿತ್ತು. ಈ ಮಳೇಲಿ ಗಾಡಿ ತೆಗೆಯಕ್ಕಾಗಲ್ಲ, ಬೆಳಿಗ್ಗೆ ನೋಡೋಣ ಅಂತ ಒಳಗಿಂದ ಹೇಳಿ ಕಳಿಸಿದ್ರು. ಲೈನಿನವರು ನಾಲ್ಕು ಜನ ಸೇರಿ ಕಂಬಳೀಲಿ ಮಲಗಿಸಿ ಬೊಂಬಿಗೆ ಕಟ್ಟಿ ಟಾರ್ ರೋಡಿಗೆ ಹೊತ್ಕೊಂಡು ಹೊರಟ್ರು, ನಾನು ಲಾಟೀನು ಹಿಡ್ಕೊಂಡು ಮುಂದೆ. ಅರ್ಧ ದಾರೀಲಿ ಅಪ್ಪ ಹೋದ್ರು.

ಮಣ್ಣು ಮಾಡೋ ದಿನ ಗುಂಡೀಲಿ ನೀರು ನಿಲ್ಲೋದು, ಬಕೆಟಲ್ಲಿ ಎತ್ತಿ ಎತ್ತಿ ಹಾಕ್ತಾ ಇದ್ರು. ಫಾದರ್ ಕೊಡೆ ಹಿಡ್ಕೊಂಡು ಎಲ್ಲಾ ದೇವರ ಚಿತ್ತ, ಅವನು ಕರೆದಾಗ ಹೋಗಲೇಬೇಕು ಅಂದ್ರು. ದೊರೇನೂ ಬಂದಿದ್ರು, ತಲೆ ಅಲ್ಲಾಡಿಸಿದ್ರು. ನನಗೆ ಇವತ್ತಿಗೂ ನೆನಪಿರೋದು ಆ ತಲೆ ಅಲ್ಲಾಡಿಸಿದ್ದು ಮೇಷ್ಟ್ರೇ, ಆ ಮಾತಿಂದ ಆ ಗುಂಡಿ ಹತ್ರ ನಿಂತವರಲ್ಲಿ ಅತಿ ಹೆಚ್ಚು ಸಮಾಧಾನ ಆಗಿದ್ದು ಅವರಿಗೆ. ಅಮ್ಮ ಏನೂ ಅನ್ನಲಿಲ್ಲ. ಎಷ್ಟೋ ವರ್ಷ ಆದ್ಮೇಲೆ, ನನ್ನ ಮದುವೆ ಆದ್ಮೇಲೆ, ಒಂದಿನ ಕಾಫಿ ಸೋಸ್ತಾ ಇದ್ದಕ್ಕಿದ್ದ ಹಾಗೆ "ಆ ಜೀಪಿನ ಕೀ ದೇವರ ಕೈಲಿ ಇರ್ಲಿಲ್ಲ ಮಗಾ" ಅಂದ್ರು. ಅಷ್ಟೇ, ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ನಾನು ಓದಿದ್ದೆಲ್ಲ ಅಮ್ಮನ ಆ ಮಾತಿಗೆ ಸಾಕ್ಷಿ ಹುಡುಕ್ಕೊಂಡು ಓದಿದ್ದೇ. ಲಂಡನ್ನಿನಲ್ಲಿ ಲೆಸ್ಲಿ ವೆದರ್‌ಹೆಡ್ ಅಂತ ಒಬ್ಬ ಬೋಧಕ ಇದ್ರು, ಎರಡನೇ ಮಹಾಯುದ್ಧದಲ್ಲಿ ಅವರ ಚರ್ಚಿಗೇ ಬಾಂಬ್ ಬಿದ್ದಿತ್ತು, ಮನೆ ಮನೇಲಿ ಸಾವು, ಆಗ ದೇವರ ಚಿತ್ತದ ಬಗ್ಗೆ ಅವರು ಮಾಡಿದ ಉಪದೇಶಗಳು 1944ರಲ್ಲಿ ಅಚ್ಚಾದವು. ಅದರಲ್ಲಿ ನಮ್ಮ ಇಂಡಿಯಾದ್ದೇ ಒಂದು ಕಥೆ ಬರುತ್ತೆ. ಅವರ ಸ್ನೇಹಿತನೊಬ್ಬನ ಪುಟ್ಟ ಮಗ ಕಾಲರಾದಲ್ಲಿ ಸತ್ತಿದ್ದ, ಅಪ್ಪ ದೇವರ ಚಿತ್ತ ಅಂದ. ಅದಕ್ಕೆ ಇವರು, ಮಲಗಿರೋ ನಿನ್ನ ಇನ್ನೊಂದು ಮಗುವಿನ ಬಾಯಿ ಮೇಲೆ ಯಾರಾದ್ರೂ ಬೇಕಂತಲೇ ಕಾಲರಾ ಕ್ರಿಮಿ ಹಚ್ಚಿದ ಹತ್ತಿ ಇಟ್ರೆ ಅವನನ್ನ ಏನ್ ಮಾಡ್ತೀಯ, ಹೊಡೆದು ಹಾಕ್ತೀಯ ತಾನೇ, ಹಂಗಾದ್ರೆ ಅದೇ ಕೆಲಸ ದೇವರ ಮೇಲೆ ಯಾಕೆ ಹೊರಿಸ್ತೀಯ ಅಂತ ಕೇಳಿದ್ರಂತೆ. ಮಗು ಸತ್ತಿದ್ದು ಕೆಟ್ಟ ಚರಂಡಿಯಿಂದ, ಊರಿನ ಅಸಡ್ಡೆಯಿಂದ ಅನ್ನು, ದೇವರ ಚಿತ್ತ ಮಾತ್ರ ಅನ್ಬೇಡ, ಅದು ಅವರ ಮಾತಿನ ಸಾರ.

ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನ ಬೋಧಕ ವಿಲಿಯಂ ಸ್ಲೋನ್ ಕಾಫಿನ್ ಕಥೇನೂ ಹಾಗೇ. 1983ರ ಜನವರೀಲಿ ಅವರ 24 ವರ್ಷದ ಮಗ ಬಿರುಗಾಳಿ ರಾತ್ರಿ ಕಾರು ಸಮೇತ ನೀರಿಗೆ ಬಿದ್ದು ಸತ್ತ. ಸಾವಿನ ಮನೆಗೆ ಊಟ ತಂದ ಹೆಂಗಸೊಬ್ಬಳು ದೇವರ ಚಿತ್ತ ನನಗೆ ಅರ್ಥಾನೇ ಆಗಲ್ಲ ಅಂತ ನಿಟ್ಟುಸಿರು ಬಿಟ್ಲು, ಈ ಮನುಷ್ಯ ಎದ್ದು ಹೋಗಿ ರೇಗಿಬಿಟ್ರು. ಅವನು ವೈಪರ್ ರಿಪೇರಿ ಮಾಡಿಸದೇ ಇದ್ದಿದ್ದು ದೇವರ ಚಿತ್ತವಾ, ಆ ರೋಡಿಗೆ ಬೀದಿದೀಪ ಇಲ್ಲದೇ ಇರೋದು, ತಡೆಗೋಡೆ ಇಲ್ಲದೇ ಇರೋದು ದೇವರ ಚಿತ್ತವಾ ಅಂತ. ಹತ್ತೇ ದಿನಕ್ಕೆ ಪೀಠ ಹತ್ತಿ ಅದನ್ನೇ ಸಭೆಗೆ ಹೇಳಿದ್ರು, ಅಲೆಗಳು ಆ ಕಾರಿನ ಮೇಲೆ ಮುಚ್ಚಿಕೊಂಡಾಗ ಎಲ್ಲರಿಗಿಂತ ಮೊದಲು ಒಡೆದಿದ್ದು ದೇವರ ಎದೆ ಅಂದ್ರು. ತಡೆಗೋಡೆ ಇಲ್ಲದ ತಿರುವು ಅಂದ್ರೆ ಏನು ಅಂತ ಕೊಡಗಿನವರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ನಮ್ಮಲ್ಲಿ ಬೆಳಿಗ್ಗೆ ಆರೂವರೆಗೆ ತೋಟಕ್ಕೆ ನಡ್ಕೊಂಡು ಹೋಗೋ ಕೂಲಿಯವರನ್ನ ಕಾಡಾನೆ ತುಳಿದು ಸಾಯಿಸುತ್ತೆ, ವರ್ಷಾ ವರ್ಷ ಇದೇ ಸುದ್ದಿ, ಕಂದಕ ಮುಚ್ಚಿಹೋಗಿರುತ್ತೆ, ಸೋಲಾರ್ ಬೇಲೀಲಿ ಕರೆಂಟ್ ಇರಲ್ಲ, ರೈಲ್ವೆ ಕಂಬಿ ತಡೆ ಅರ್ಧಕ್ಕೆ ನಿಂತಿರುತ್ತೆ, ಸಾವಿನ ಮನೇಲಿ ನಮ್ಮ ಉಪದೇಶಿಗಳು ಹೋಗಿ ತಂದೆಯ ಚಿತ್ತ ಇಲ್ಲದೆ ಗುಬ್ಬಿ ಕೂಡ ಬೀಳಲ್ಲ ಅಂತಾರೆ. ಆ ಮತ್ತಾಯ 10:29ನ್ನ ನೀವೂ ಬರ್ದಿದೀರಿ. ಗ್ರೀಕ್ ಮೂಲದಲ್ಲಿ ಅಲ್ಲಿ ಚಿತ್ತ, ಅಪ್ಪಣೆ ಅನ್ನೋ ಪದವೇ ಇಲ್ಲ ಮೇಷ್ಟ್ರೇ. 'ನಿಮ್ಮ ತಂದೆ ಇಲ್ಲದೆ' ಒಂದೂ ನೆಲಕ್ಕೆ ಬೀಳಲ್ಲ ಅಂತಷ್ಟೇ ಇರೋದು. ತಂದೆ ಬೀಳಿಸ್ತಾನೆ ಅಂತಾನೂ ಓದಬಹುದು, ಅನೇಕರು ಓದಿದ್ದಾರೆ. ಬೀಳೋವಾಗ ತಂದೆ ಜೊತೇಲಿ ಇರ್ತಾನೆ ಅಂತ ನಾನು ಓದ್ತೀನಿ. ಆ ಮಳೆ ರಾತ್ರಿ ಕಂಬಳಿಯ ಹತ್ರ ದೇವರು ಇದ್ದ ಅಂತ ನಾನು ನಂಬ್ತೀನಿ, ಬಂಗ್ಲೆಯ ಬಾಗಿಲು ಹಾಕಿದ್ದು ಅವನು ಅಂತ ನಂಬಲ್ಲ.

2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ಪರಿಹಾರ ಕೇಂದ್ರಕ್ಕೆ ಪ್ರಾರ್ಥನೆ ಮಾಡಿಸೋಕೆ ಅಂತ ಬಂದ ಒಬ್ಬರು ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದಿದ್ದನ್ನ ಕಿವಿಯಾರೆ ಕೇಳಿದೀನಿ. ಮನೆ, ತೋಟ, ದನ ಎಲ್ಲ ಮಣ್ಣಡಿ ಹೋಗಿ ಚಾಪೆ ಮೇಲೆ ಕೂತಿದ್ದ ಜನಕ್ಕೆ ಹೇಳೋ ಮಾತಾ ಅದು? ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತಾಗ ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳು ಅಂತ ತಿಳ್ಕೊಂಡಿದೀರಾ ಅಂತ ಕೇಳಿ, ಇಲ್ಲ ಅಂತ ಯೇಸುವೇ ಉತ್ತರ ಕೊಟ್ಟಿದ್ದು ಲೂಕ 13ರಲ್ಲಿ ಇದೆ. ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ಅವರು ಬಂದು ನೋಡಿ ರಸ್ತೆಗೆ, ಹೋಮ್‌ಸ್ಟೇಗೆ ಅಂತ ಇಳಿಜಾರು ಕಡಿದಿದ್ದನ್ನೂ ಕಾರಣವಾಗಿ ಬರ್ಕೊಂಡು ಹೋದ್ರು. ಮರುವರ್ಷ ತೋರದಲ್ಲಿ ಜಾರಿತು, 2020ರಲ್ಲಿ ತಲಕಾವೇರೀಲಿ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಮನೆ ಹೋಯ್ತು. ಮಳೆ ದೇವರದ್ದು ಅನ್ನಿ, ಒಪ್ತೀನಿ. ಜೆಸಿಬಿ ಯಾರದ್ದು? ಈ ಪ್ರಶ್ನೆ ನಮ್ಮ ಯಾವ ಚರ್ಚಿನ ಪೀಠದಿಂದಲೂ ಬಂದಿದ್ದನ್ನ ನಾನು ಕೇಳಿಲ್ಲ, ಅದು ನನಗೆ ತುಂಬಾ ನೋವು.

ಈಗ ನಿಮ್ಮ ಪ್ರಶ್ನೆ, ದೇವರ ಕೈಲಿ ಆಗ್ಲಿಲ್ಲವಾ ಅಂತ. ಬೆಥಾನ್ಯ ಅನ್ನೋ ಊರಲ್ಲಿ ತಮ್ಮ ಲಾಜರ ತೀರಿಕೊಂಡಾಗ ಮಾರ್ಥಾ, ಮರಿಯ ಇಬ್ಬರೂ ಯೇಸುವನ್ನ ಕೇಳಿದ್ದು ಅದೇ, ನೀನು ಇಲ್ಲಿ ಇದ್ದಿದ್ರೆ ನಮ್ಮ ತಮ್ಮ ಸಾಯ್ತಿರಲಿಲ್ಲ ಅಂತ. ಯೇಸು ಅವರಿಗೆ ದೇವರ ಚಿತ್ತ ಅಂತ ಬುದ್ಧಿ ಹೇಳ್ಲಿಲ್ಲ, ಅತ್ತ. ಯೋಹಾನ 11:33ರಲ್ಲಿ ಅವನು ನೊಂದ ಅಂತ ನಾವು ಓದ್ಕೊಂಡು ಮುಂದೆ ಹೋಗ್ತೀವಿ, ಆದ್ರೆ ಅಲ್ಲಿರೋ ಗ್ರೀಕ್ ಪದ ಕುದುರೆ ಸಿಟ್ಟಲ್ಲಿ ಬುಸುಗುಡೋದಕ್ಕೆ ಬಳಸ್ತಿದ್ದ ಪದ. ಗೋರಿ ಮುಂದೆ ನಿಂತು ಸಿಟ್ಟಾದ. ತಾನೇ ಕಳಿಸಿದ ಆಳಿನ ಮೇಲೆ ಯಜಮಾನ ಹಾಗೆ ಬುಸುಗುಡ್ತಾನಾ? ಪೌಲ ಮರಣವನ್ನ ಕಡೇ ಶತ್ರು ಅಂತ ಕರೀತಾನೆ, ದೇವದೂತ ಅನ್ನಲಿಲ್ಲ. ನಮ್ಮ ಕಥೋಲಿಕರ ಬೈಬಲಲ್ಲಿ ಇರೋ, ನಿಮ್ಮದರಲ್ಲಿ ಇಲ್ಲದ ಜ್ಞಾನಗ್ರಂಥದ ಮೊದಲನೇ ಅಧ್ಯಾಯ ದೇವರು ಮರಣವನ್ನ ಮಾಡಲಿಲ್ಲ, ಬದುಕಿರೋರ ನಾಶದಲ್ಲಿ ಅವನಿಗೆ ಸಂತೋಷ ಇಲ್ಲ ಅನ್ನುತ್ತೆ. 1992ರ ಕಥೋಲಿಕ ಧರ್ಮೋಪದೇಶದ 1008ನೇ ಕಂಡಿಕೇಲೂ ಮರಣ ಸೃಷ್ಟಿಕರ್ತನ ಯೋಜನೆಗೆ ವಿರುದ್ಧವಾದದ್ದು ಅಂತ ನೇರವಾಗಿ ಇದೆ. ಸಾವು ಬರೋಕೆ ದೇವರು ಬಿಟ್ಟಿದ್ದಾನೆ ನಿಜ, ಬಿಡೋದು ಬೇರೆ, ಬಯಸೋದು ಬೇರೆ, ಯೇಸು ಹೇಳಿದ ಕಥೇಲಿ ಮಗ ಮನೆ ಬಿಟ್ಟು ಹೋಗೋಕೆ ಬಿಟ್ಟ ಅಪ್ಪ ಅವನು ಹಂದಿ ಮೇವು ತಿನ್ನಲಿ ಅಂತ ಬಯಸಿದ್ನಾ? ಅವನ ಕೈಲಿ ಏನಾಗುತ್ತೆ ಅನ್ನೋದು ಈಸ್ಟರಿನ ಬೆಳಿಗ್ಗೆ ಗೊತ್ತಾಯ್ತು, ಅದನ್ನ ನಾನು ಒಂದು ಕೂದಲಷ್ಟೂ ಅನುಮಾನ ಪಡಲ್ಲ. ತೊಂಬತ್ತು ದಾಟಿ ಮಕ್ಕಳು ಮೊಮ್ಮಕ್ಕಳ ಮಧ್ಯೆ ಕಣ್ಣು ಮುಚ್ಚೋದು ಬೇರೆ ಥರ, ಕೂಸು ಯೇಸುವನ್ನ ಕಣ್ಣಾರೆ ಕಂಡ ಸಿಮೆಯೋನನ ಹಾಗೆ ಇನ್ನು ಸಮಾಧಾನದಿಂದ ಹೋಗ್ತೀನಿ ಅಂತ ಹೇಳೋ ಭಾಗ್ಯ ಅದು, ಅಲ್ಲಿ ನಾನು ಜಗಳ ತೆಗೆಯಲ್ಲ.

ನನಗನ್ನಿಸೋದು, ನಾವು ಹಳೇ ಹಣೆಬರಹಕ್ಕೇ ಕ್ರೈಸ್ತ ಹೆಸರು ಇಟ್ಕೊಂಡಿದೀವಿ. ಕನ್ನಡದಲ್ಲಿ ಸತ್ತವರನ್ನ 'ವಿಧಿವಶರಾದರು', 'ದೈವಾಧೀನರಾದರು' ಅಂತ ಬರೆಯೋದು ರೂಢಿ, ನಮ್ಮವರು ಅದನ್ನೇ ತಿರುವಿ ದೇವರ ಚಿತ್ತ ಅಂದ್ರು. ಹಣೇಲಿ ಬರೆದವನಿಗೆ ಕಣ್ಣೀರು ಇರಲ್ಲ, ಬೆಥಾನ್ಯದಲ್ಲಿ ನಿಂತವನಿಗೆ ಇತ್ತು.

ಬೈಬಲ್ಲಿನ ಯೋಬ ಹೇಳಲಿಲ್ಲವಾ ಅಂತ ಕೇಳಿದೀರಿ, ಯೆಹೋವನೇ ಕೊಟ್ಟ ಯೆಹೋವನೇ ತೆಗೆದುಕೊಂಡ ಅಂತ. ಹೇಳಿದ. ಹತ್ತು ಮಕ್ಕಳನ್ನ ಕಳ್ಕೊಂಡವನು ಅವನೇ ಹೇಳಿದ. ಅವನಿಗೆ ದೇವರ ಪರವಾಗಿ ವಕಾಲತ್ತು ಮಾಡೋಕೆ ಬಂದ ಮೂರು ಸ್ನೇಹಿತರ ಮೇಲೆ ದೇವರು ಕೋಪ ಮಾಡ್ಕೊಂಡು, ನನ್ನ ಸೇವಕನಾದ ಯೋಬ ಮಾತಾಡಿದ ಹಾಗೆ ನೀವು ಸರಿಯಾಗಿ ಮಾತಾಡ್ಲಿಲ್ಲ ಅಂದಿದ್ದು 42ನೇ ಅಧ್ಯಾಯದಲ್ಲಿ ಇದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1226ರಲ್ಲಿ ಮರಣವನ್ನ ಅಕ್ಕತಂಗಿ ಅಂತ ಕರೆದು ಹಾಡಿದ್ರು, ಸಾಯ್ತಾ ಇದ್ದವರು ಅವರೇ. ಕ್ಯಾಲ್ವಿನ್ ಮಗು ಹೋದ ಅದೇ 1542ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಮಗಳು ಮಗ್ದಲೇನಾ 13ನೇ ವರ್ಷಕ್ಕೆ ಹೋದ್ಲು, ಲೂಥರ್ ಮಂಚದ ಪಕ್ಕ ಮಂಡಿಯೂರಿ ನಿನ್ನ ಚಿತ್ತ ಆದ್ರೆ ಕರ್ಕೋ ಅಂತ ಪ್ರಾರ್ಥಿಸಿದ್ರು, ಆಮೇಲೆ ನಾವು ದೇವರಿಗೆ ಬರೀ ಕೃತಜ್ಞತೆ ಹೇಳ್ಬೇಕಿತ್ತು, ಆದ್ರೆ ಅಳು ತಡೆಯೋಕೆ ಆಗ್ತಿಲ್ಲ ಅನ್ನೋ ಅರ್ಥದಲ್ಲಿ ಗೆಳೆಯನಿಗೆ ಬರೆದ್ರು. ಇವರೆಲ್ಲ ಆ ಮಾತನ್ನ ತಮ್ಮ ಎದೆಗೆ ಹೇಳ್ಕೊಂಡ್ರು, ಬೇರೆಯವರ ವಿಧವೆಗೆ ಹೇಳ್ಲಿಲ್ಲ.

ಹಂಗಾಗಿ ಮೇಷ್ಟ್ರೇ, ಆ ಎರಡು ಪದ ನಿಮ್ಮದು. ಮೂವತ್ತೆಂಟು ವರ್ಷ ಜೊತೇಲಿ ಬಾಳಿದವರು ನೀವು, ಕೊನೇ ಆರು ತಿಂಗಳು ಮೈಸೂರಿನ ಆಸ್ಪತ್ರೆಗೂ ಮನೆಗೂ ಬಸ್ಸಲ್ಲಿ ಓಡಾಡಿದವರು ನೀವು, ನಿಮ್ಮ ಬಾಯಿಂದ ಬಂದ ಮಾತನ್ನ ತೆಗೆಯೋ ಹಕ್ಕು ನನಗೆ ಇರ್ಲಿಲ್ಲ. ಇನ್ನು ಮೇಲೆ ಮನೆಯವರು ಬರೆದು ಕಳಿಸಿದ್ರೆ ಇದ್ದ ಹಾಗೇ ಹಾಕ್ತೀವಿ. ಸಂಘಗಳು, ಚರ್ಚ್ ಕಮಿಟಿಗಳು, ಎಸ್ಟೇಟ್ ಆಫೀಸುಗಳು ಕಳಿಸೋ ಸಂತಾಪದಲ್ಲಿ ದೇವರ ಚಿತ್ತ ಅಂತ ಇದ್ರೆ ಮಾತ್ರ ತೆಗೆದೇ ತೆಗೀತೀನಿ, ಅದರಲ್ಲಿ ರಾಜಿ ಇಲ್ಲ. ನಿಮ್ಮ ಪ್ರಕಟಣೆ ಮುಂದಿನ ಸಂಚಿಕೇಲಿ ನೀವು ಬರೆದ ಹಾಗೇ ಮತ್ತೆ ಬರುತ್ತೆ, ದುಡ್ಡು ಕಳಿಸೋದು ಬೇಡ. ಕಳೆದ ಸಲದ ಫೋಟೋ ಸ್ವಲ್ಪ ಮಸುಕಾಗಿತ್ತು, ಅವರು ನಗ್ತಾ ಇರೋದು ಇನ್ನೊಂದು ಇದ್ರೆ ಇಪ್ಪತ್ತನೇ ತಾರೀಕಿನ ಒಳಗೆ ಕಳಿಸಿ.