ವರ್ಷಕ್ಕೆ ಎಂಟು ಒಂಬತ್ತು ಮ್ಯಾಚ್ ಗೆಲ್ಲುವ ಅಯೋವಾ ಹಾಕೈಸ್‌ಗೆ ಅವರ ಅಭಿಮಾನಿಗಳೇ ಯಾಕೆ ಬೈಯುತ್ತಾರೆ?

ಬೇರೆಯವರಿಗೂ ಅರ್ಥ ಆಗಲಿ ಅಂತ ನಿಮ್ಮ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ನೀವು ಮೇ ತಿಂಗಳಲ್ಲಿ ಸೀಡರ್ ರಾಪಿಡ್ಸ್‌ಗೆ ಬಂದಿದ್ದೀರಿ. ಸೀಸನ್ ಇನ್ನೂ ಶುರುವೇ ಆಗಿಲ್ಲ, ಆದರೂ ಆಫೀಸಿನಲ್ಲಿ ಊಟಕ್ಕೆ ಕೂತರೆ ಅಯೋವಾ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಹಾಕೈಸ್ ಈ ಸಲ ಎಷ್ಟು ಗೆಲ್ಲುತ್ತದೆ ಅನ್ನೋದೇ ಮಾತು. ಅದರಲ್ಲೂ ‘ಅಫೆನ್ಸ್’ (ಚೆಂಡು ಕೈಲಿದ್ದಾಗ ಅಂಕ ಹೊಡೆಯಲು ಇಳಿಯುವ ಗುಂಪು; ಎದುರಾಳಿಯನ್ನು ತಡೆಯುವ ಗುಂಪು ಡಿಫೆನ್ಸ್) ಅನ್ನೋ ಪದ ಬಂದರೆ ಸಾಕು, ಒಬ್ಬರು ನಗುತ್ತಾರೆ, ಇನ್ನೊಬ್ಬರು ತಲೆ ಚಚ್ಚಿಕೊಳ್ಳುತ್ತಾರೆ. ಗೆಲ್ಲುವ ತಂಡಕ್ಕೆ ಈ ಬೈಗುಳ ಯಾಕೆ ಅಂತ ಕೇಳಿದ್ದೀರಿ.

ನಾನು ಇಲ್ಲೇ ಪಕ್ಕದ ಕೋರಲ್‌ವಿಲ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬಂದ ಹೊಸದರಲ್ಲಿ ನನಗೂ ತಲೆಬುಡ ಗೊತ್ತಾಗುತ್ತಿರಲಿಲ್ಲ. ಈಗ ಬೈಯುವವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ.

ನಮ್ಮವರಿಗೆ ಬೇಗ ತಿಳಿಯುವ ಹಾಗೆ ಹೇಳಬೇಕೆಂದರೆ, ಅಯೋವಾ ಅಂದರೆ ಉಲ್ಟಾ ಮಾಡಿದ ಆರ್‌ಸಿಬಿ. ಆರ್‌ಸಿಬಿ ಎಷ್ಟೋ ವರ್ಷ ಬ್ಯಾಟಿಂಗ್‌ನಲ್ಲಿ 200 ಹೊಡೆದು ಬೌಲಿಂಗ್‌ನಲ್ಲಿ ಅಷ್ಟನ್ನೂ ಬಿಟ್ಟುಕೊಟ್ಟು ಮನೆಗೆ ಬರುತ್ತಿತ್ತಲ್ಲ, ಇಲ್ಲಿ ಬೌಲರ್‌ಗಳು ಎದುರಾಳಿಯನ್ನು 110ಕ್ಕೆ ಆಲೌಟ್ ಮಾಡಿ ಕೊಡುತ್ತಾರೆ, ಬ್ಯಾಟ್ಸ್‌ಮನ್‌ಗಳು ಅದನ್ನು ಕೊನೇ ಓವರ್‌ವರೆಗೂ ಎಳೆಯುತ್ತಾರೆ, ಕೆಲವು ಸಲ 105ಕ್ಕೇ ಮುಗಿಸುತ್ತಾರೆ. ಗೆದ್ದರೂ ಬಿಪಿ, ಸೋತರೂ ಬಿಪಿ.

ಆಟದ ಲೆಕ್ಕ ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ಕೈಲಿರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ, ಅದು ಪಂಟ್. ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ 3. ಚೆಂಡು ಹಿಡಿದವನನ್ನು ಅವನದೇ ಗೆರೆಯ ಹಿಂದೆ ಬೀಳಿಸಿದರೆ ಬೀಳಿಸಿದ ತಂಡಕ್ಕೆ 2, ಅದು ಸೇಫ್ಟಿ. ಸೇಫ್ಟಿ ಅಪರೂಪ. ಒಂದು ಸೀಸನ್ನಿನಲ್ಲಿ ಒಂದೂ ಸೇಫ್ಟಿ ಮಾಡದ ತಂಡಗಳಿರುತ್ತವೆ.

ಈಗ 2022ರ ಸೆಪ್ಟೆಂಬರ್ 3ಕ್ಕೆ ಬನ್ನಿ. ಸೀಸನ್ನಿನ ಮೊದಲ ಮ್ಯಾಚ್, ಅಯೋವಾದ ಸ್ವಂತ ಮೈದಾನ ಕಿನ್ನಿಕ್ ಸ್ಟೇಡಿಯಂ, ಎದುರಿಗೆ ಸೌತ್ ಡಕೋಟಾ ಸ್ಟೇಟ್, ಅಂದರೆ ಒಂದು ಮೆಟ್ಟಿಲು ಕೆಳಗಿನ ಡಿವಿಷನ್ ತಂಡ. ಸಹೋದ್ಯೋಗಿಯ ಟಿಕೆಟ್ ಉಳಿದಿತ್ತು ಅಂತ ನಾನೂ ಹೋಗಿದ್ದೆ. ಅಯೋವಾ 7–3ಕ್ಕೆ ಗೆದ್ದಿತು. ಏಳು ಅಂದರೆ ಒಂದು ಟಚ್‌ಡೌನ್ ಮತ್ತು ಅದರ ಮೇಲಿನ ಒಂದು ಅಂಕ ಅಂತ ಇಡೀ ದೇಶ ಅಂದುಕೊಳ್ಳುತ್ತದೆ. ಅಲ್ಲ. ಒಂದು ಫೀಲ್ಡ್ ಗೋಲ್, ಎರಡು ಸೇಫ್ಟಿ. ಟಚ್‌ಡೌನ್ ಇಲ್ಲವೇ ಇಲ್ಲ.

ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು, ಹಳದಿ ಕಪ್ಪು ಪಟ್ಟೆಯ ಓವರಾಲ್ ಹಾಕಿಕೊಂಡು, ಕೈಯಲ್ಲಿ ಹಳೇ ರೇಡಿಯೋ. ಅಫೆನ್ಸ್ ಮೈದಾನಕ್ಕೆ ಇಳಿದಾಗ ಅವರು ಕಡಲೆಕಾಯಿ ಸುಲಿಯುತ್ತಿದ್ದರು. ಮೂರು ಅವಕಾಶ ಹಾಳಾಗಿ ಪಂಟರ್ ಟೋರಿ ಟೇಲರ್ ಒಳಗೆ ಬಂದನೋ ಇಲ್ಲವೋ, ಕಡಲೆಕಾಯಿ ಜೇಬಿಗೆ ಹಾಕಿ ಎದ್ದು ನಿಲ್ಲುತ್ತಿದ್ದರು. ಅವರೊಬ್ಬರೇ ಅಲ್ಲ, ಸಾಲಿಗೆ ಸಾಲೇ ಏಳುತ್ತಿತ್ತು! ಟೇಲರ್ ಆ ದಿನ ಹತ್ತು ಸಲ ಒದ್ದ. ಚೆಂಡು ಎತ್ತರಕ್ಕೆ ಹೋಗಿ, ಎದುರಾಳಿಯ ಗೆರೆಗೆ ನಾಲ್ಕೈದು ಗಜ ಇರುವಾಗ ಬಿದ್ದು, ಪುಟಿದು ಒಳಗೆ ಓಡದೆ, ಹೇಳಿದ ಮಾತು ಕೇಳುವ ನಾಯಿಯ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಆ ಮೂಲೆಯಿಂದ ಸೌತ್ ಡಕೋಟಾ ಹೊರಗೆ ಬರೋಕೆ ಒದ್ದಾಡುವಾಗ ಅಯೋವಾ ಡಿಫೆನ್ಸ್ ಮೇಲೆ ಬಿದ್ದು ಎರಡು ಸಲ ಸೇಫ್ಟಿ ಮಾಡಿತು. ಅಜ್ಜ ನನ್ನ ಕಡೆ ತಿರುಗಿ ‘ನಮ್ಮ ಅಫೆನ್ಸ್ ನೋಡಿದೆಯಾ, ಅದು ಆಸ್ಟ್ರೇಲಿಯಾದವನು’ ಅಂದರು. ಟೇಲರ್ ಮೆಲ್ಬರ್ನ್ ಹುಡುಗ.

ನಿಮ್ಮ ಆಫೀಸಿನ ಜಗಳಕ್ಕೆ ಬೇರು ಇದೇ. ಹೆಡ್ ಕೋಚ್ ಕರ್ಕ್ ಫೆರೆಂಟ್ಸ್ 1999ರಿಂದ ಇದೇ ಸಿದ್ಧಾಂತದಲ್ಲಿ ತಂಡ ನಡೆಸುತ್ತಾರೆ. ಚೆಂಡು ಕಳೆದುಕೊಳ್ಳಬೇಡ, ರಿಸ್ಕ್ ಬೇಡ, ಆಗಲಿಲ್ಲ ಅಂದರೆ ದೂರಕ್ಕೆ ಒದೆ, ಎದುರಿನವನು ಇವತ್ತಲ್ಲ ನಾಳೆ ತಪ್ಪು ಮಾಡುತ್ತಾನೆ, ಕಾಯಿ. ಸುಮ್ನೆ ಹಟ ಅಂತ ತಳ್ಳಿಹಾಕೋ ಹಾಗಿಲ್ಲ. ಅಯೋವಾ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ, ಬೆಂಗಳೂರಿನ ಒಂದು ಮೂಲೆಯಷ್ಟು. ಟೆಕ್ಸಾಸ್, ಫ್ಲೋರಿಡಾದ ಹಾಗೆ ಬೀದಿಗೊಬ್ಬ ವೇಗದ ಹುಡುಗ ಸಿಗುವುದಿಲ್ಲ. ಸಿಗೋದು ದೊಡ್ಡ ಮೈಯ, ಕೆಲಸಕ್ಕೆ ಬಗ್ಗುವ ಹುಡುಗರು. ಅವರನ್ನು ನಾಲ್ಕೈದು ವರ್ಷ ತಿದ್ದಿ ತೀಡಿ ಡಿಫೆನ್ಸ್ ಕಟ್ಟುತ್ತಾರೆ, ಲೈನ್ (ಮುಂದೆ ನಿಂತು ತಳ್ಳಾಡುವ ಸಾಲು) ಕಟ್ಟುತ್ತಾರೆ, ಟೈಟ್ ಎಂಡ್ (ತಡೆಯುವುದೂ ಚೆಂಡು ಹಿಡಿಯುವುದೂ ಎರಡೂ ಮಾಡುವವನು) ಮಾಡುತ್ತಾರೆ. ಜಾರ್ಜ್ ಕಿಟಲ್, ಟಿ.ಜೆ. ಹಾಕಿನ್ಸನ್, ಸ್ಯಾಮ್ ಲಪೋರ್ಟಾ ಎಲ್ಲ ಇಲ್ಲಿಂದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋದವರೇ. ಇನ್ನೊಂದು ಮಾತು, ಈ ರಾಜ್ಯಕ್ಕೆ ಎನ್‌ಎಫ್‌ಎಲ್ ತಂಡವೇ ಇಲ್ಲ, ಹಾಗಾಗಿ ಇದ್ದಬದ್ದ ಪ್ರೀತಿ, ಸಿಟ್ಟು ಎಲ್ಲ ಈ ಕಾಲೇಜು ಹುಡುಗರ ಮೇಲೇ.

ಹಾಗಾದರೆ ಬೈಗುಳ ಯಾಕೆ? 2022ರಲ್ಲಿ ಈ ಅಫೆನ್ಸ್ ಗಜಗಳ ಲೆಕ್ಕದಲ್ಲಿ 131 ತಂಡಗಳಲ್ಲಿ 130ನೆಯದು. ಅಫೆನ್ಸ್ ನಡೆಸುತ್ತಿದ್ದವರು ಬ್ರಯಾನ್ ಫೆರೆಂಟ್ಸ್, ಅಂದರೆ ಹೆಡ್ ಕೋಚ್ ಮಗ. ಕಾಗದದ ಮೇಲೆ ಅವರು ಅಪ್ಪನ ಕೈಕೆಳಗೆ ಅಲ್ಲ, ಯೂನಿವರ್ಸಿಟಿಯ ಕ್ರೀಡೆಗಳಿಗೆಲ್ಲ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಕೈಕೆಳಗೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2023ಕ್ಕೆ ಅವರ ಸಂಬಳ 9 ಲಕ್ಷ ಡಾಲರಿನಿಂದ ಎಂಟೂವರೆ ಲಕ್ಷಕ್ಕೆ ಇಳಿಸಿ, ಕಾಂಟ್ರಾಕ್ಟಿನಲ್ಲಿ ಒಂದು ಷರತ್ತು ಹಾಕಿದರು: ಏಳು ಗೆಲುವು, ಜೊತೆಗೆ ಮ್ಯಾಚಿಗೆ ಸರಾಸರಿ 25 ಅಂಕ. ಡಿಫೆನ್ಸ್ ಹೊಡೆದ ಅಂಕವೂ ಲೆಕ್ಕಕ್ಕೆ ಬರುತ್ತಿತ್ತು, ಅಷ್ಟು ರಿಯಾಯಿತಿ. 13 ಮ್ಯಾಚ್ ಆದರೆ 325 ಅಂಕ ಬೇಕು. ಇಡೀ ರಾಜ್ಯ ಕುಳಿತು ಲೆಕ್ಕ ಹಾಕಿತು. ನಮ್ಮ ಆಫೀಸಿನ ವೈಟ್‌ಬೋರ್ಡಿನ ಮೂಲೆಯಲ್ಲಿ ‘325’ ಅಂತ ಬರೆದು, ಪ್ರತಿ ಸೋಮವಾರ ಯಾರಾದರೂ ಕಳೆದು ಉಳಿಕೆ ಬರೆಯುತ್ತಿದ್ದರು. ಪ್ರಾಜೆಕ್ಟ್ ಡೆಡ್‌ಲೈನ್ ಅಳಿಸಿದರೂ ಅದನ್ನು ಯಾರೂ ಅಳಿಸುತ್ತಿರಲಿಲ್ಲ.

ಆ ವರ್ಷ ಮಿನ್ನೆಸೋಟಾ ಮ್ಯಾಚ್ ಒಂದನ್ನು ಹೇಳಲೇಬೇಕು, ಅಕ್ಟೋಬರ್ 21. ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಟಿವಿಯಲ್ಲಿ ನೋಡುತ್ತಿದ್ದೆವು. ಮಿನ್ನೆಸೋಟಾ ಒಂದೂ ಟಚ್‌ಡೌನ್ ಮಾಡಿರಲಿಲ್ಲ, ಬರೀ ನಾಲ್ಕು ಫೀಲ್ಡ್ ಗೋಲ್, 12–10. ಕೊನೇ ಎರಡು ನಿಮಿಷದೊಳಗೆ ಅವರು ಪಂಟ್ ಒದ್ದರು, ನಮ್ಮ ಕೂಪರ್ ಡಿಜೀನ್ ಪುಟಿಯುತ್ತಿದ್ದ ಚೆಂಡು ಎತ್ತಿಕೊಂಡು ಗೆರೆ ಅಂಚಿನಲ್ಲೇ ಓಡಿ ಟಚ್‌ಡೌನ್! ಬಟ್ಟಲು ಎಲ್ಲಿ ಹೋಯಿತೋ ಗೊತ್ತಿಲ್ಲ, ಕಾರ್ಪೆಟ್ ಮೇಲೆ ಅರಿಶಿನದ ಕಲೆ ಈಗಲೂ ಇದೆ. ಅಂಪೈರ್‌ಗಳು ಅವನ ಕಾಲು ಗೆರೆ ಹೊರಗೆ ಬಿತ್ತಾ ಅಂತ ರಿಪ್ಲೇ ನೋಡೋಕೆ ಹೋದರು. ಕಾಲು ಒಳಗೇ ಇತ್ತು. ಆದರೆ ಚೆಂಡು ಎತ್ತುವ ಮೊದಲು ಅವನು ಎಡಗೈ ಬೀಸಿದ್ದ. ಹಾಗೆ ಕೈ ಬೀಸಿದರೆ ‘ನಾನು ಓಡುವುದಿಲ್ಲ, ನನ್ನನ್ನು ಹೊಡೆಯಬೇಡಿ’ ಅನ್ನೋ ಸನ್ನೆಗೆ ಸಮ ಅಂತ ಹೇಳಿ ಟಚ್‌ಡೌನ್ ರದ್ದು ಮಾಡಿದರು. ಸರಿ, ಚೆಂಡು ಇನ್ನೂ ನಮ್ಮದೇ, ಒಂದು ಫೀಲ್ಡ್ ಗೋಲ್ ಸಾಕಿತ್ತು. ಅಫೆನ್ಸ್ ಬಂದಿತು, ಎಸೆದ ಚೆಂಡನ್ನು ಮಿನ್ನೆಸೋಟಾದವನು ಹಿಡಿದ. ಮುಗಿಯಿತು. 1999ರಿಂದ ಕಿನ್ನಿಕ್‌ನಲ್ಲಿ ಗೆಲ್ಲದ ಮಿನ್ನೆಸೋಟಾ ಗೆದ್ದು, ಕಂಚಿನ ಹಂದಿಯನ್ನು (ಈ ಎರಡು ತಂಡಗಳ ನಡುವಿನ ಟ್ರೋಫಿ ನಿಜವಾಗಿಯೂ ಒಂದು ಹಂದಿ) ಹೊತ್ತುಕೊಂಡು ಹೋಯಿತು.

ಜನ ಅಂಪೈರ್‌ಗೆ ಬೈದರು. ನನ್ನ ಸಿಟ್ಟು ಅಲ್ಲಿಲ್ಲ. ಎದುರಿನವರಿಗೆ 12 ಮಾತ್ರ ಬಿಟ್ಟುಕೊಟ್ಟ ಮ್ಯಾಚು ಒಂದು ಕೈಬೀಸಿನ ಮೇಲೆ ಯಾಕೆ ನಿಲ್ಲಬೇಕು? ಒಂಬತ್ತು ದಿನ ಆದ ಮೇಲೆ, ಬ್ರಯಾನ್‌ಗೆ ಇದೇ ಕೊನೇ ಸೀಸನ್ ಅಂತ ಯೂನಿವರ್ಸಿಟಿ ಹೇಳಿತು.

ಆ ಸೀಸನ್ನಿನ ಕೊನೇ ಲೆಕ್ಕ ನೋಡಿ. 10 ಗೆಲುವು, 4 ಸೋಲು. ತಮ್ಮ ಲೀಗ್ ಬಿಗ್ ಟೆನ್‌ನ ಫೈನಲ್‌ವರೆಗೂ ಹೋದರು. ಸರಾಸರಿ ಅಂಕ 15.4. 25 ಎಲ್ಲಿ, 15 ಎಲ್ಲಿ! ಸೋತ ನಾಲ್ಕರಲ್ಲಿ ಪೆನ್ ಸ್ಟೇಟ್ ಎದುರು 31–0, ಮಿಷಿಗನ್ ಎದುರು 26–0, ಟೆನೆಸ್ಸಿ ಎದುರು 35–0, ಮತ್ತೆ ಈ 12–10. ನಾಲ್ಕು ಸೋಲಿನಲ್ಲಿ ಒಟ್ಟು ಹೊಡೆದದ್ದು ಹತ್ತೇ ಅಂಕ. ಕ್ವಾರ್ಟರ್‌ಬ್ಯಾಕ್ (ಅಫೆನ್ಸ್ ನಡೆಸಿ ಚೆಂಡು ಎಸೆಯುವವನು) ಕೇಡ್ ಮ್ಯಾಕ್‌ನಮಾರಾಗೆ ಮಂಡಿ ಹೋಯಿತು, ಟೈಟ್ ಎಂಡ್‌ಗಳಿಗೂ ಪೆಟ್ಟಾಯಿತು, ಅದೆಲ್ಲ ನಿಜ. ಆದರೂ ದೇಶದಲ್ಲೇ ಕಡೆಯ ಅಫೆನ್ಸ್ ಇಟ್ಟುಕೊಂಡು ಹತ್ತು ಗೆಲ್ಲುವುದು ಹೆಮ್ಮೆಯೋ ಅವಮಾನವೋ ಅನ್ನೋದರ ಮೇಲೇ ನಿಮ್ಮ ಆಫೀಸು ಎರಡು ಭಾಗ ಆಗಿರುವುದು. ಒಂದು ಗುಂಪು ‘ಹತ್ತು ಗೆದ್ದೆವು, ಇನ್ನೇನು ಬೇಕು’ ಅನ್ನುತ್ತದೆ. ಇನ್ನೊಂದು ಗುಂಪು ‘ಈ ಡಿಫೆನ್ಸ್ ಜೊತೆ ಬರೀ ಸಾಧಾರಣ ಅಫೆನ್ಸ್ ಇದ್ದಿದ್ದರೆ’ ಅನ್ನುತ್ತದೆ. ನಾನು ಎರಡನೆಯದು. ನಮಗೆ ಒಳ್ಳೇ ಅಫೆನ್ಸ್ ಬೇಕು ಅಂತಲೂ ಅಲ್ಲ ಕಣ್ರೀ, ಸಾಧಾರಣ ಸಾಕು.

ಟೇಲರ್ ಮಾತ್ರ ಆ ವರ್ಷ 4,479 ಗಜ ಪಂಟ್ ಒದ್ದು, 1938ರಿಂದ ನಿಂತಿದ್ದ ಸೀಸನ್ ದಾಖಲೆ ಮುರಿದ. ‘ಪಂಟ್ ಮಾಡೋದೇ ಗೆಲ್ಲೋದು’ ಅಂತ ಟೀಶರ್ಟೇ ಬಂದಿತ್ತು, ಚೆನ್ನಾಗಿ ಮಾರಾಟವೂ ಆಯಿತು. ಆದರೆ ಅವನು ಸ್ಟೂಡೆಂಟ್ ವೀಸಾದಲ್ಲಿದ್ದ, ಇಲ್ಲಿ ಆ ದುಡ್ಡು ತೆಗೆದುಕೊಳ್ಳೋ ಹಾಗಿರಲಿಲ್ಲ, ಗರ್ಭಿಣಿಯರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಗೆ ಹೋಯಿತು. ಎಫ್-1 ಕಷ್ಟ ನಮಗೆ ಮಾತ್ರ ಅಂದುಕೊಂಡಿದ್ದೆ.

ಇನ್ನು ಈಗಿನ ವಿಷಯ. 2024ಕ್ಕೆ ಬ್ರಯಾನ್ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು, ಅದಕ್ಕೂ ಹಿಂದಿನ ವರ್ಷ ಎನ್‌ಎಫ್‌ಎಲ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಇದ್ದವರು. ದೊಡ್ಡ ಕ್ರಾಂತಿ ಏನೂ ಮಾಡಲಿಲ್ಲ. ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮೊದಲು ಆಟಗಾರರನ್ನು ಆಕಡೆ ಈಕಡೆ ಓಡಾಡಿಸಿ ಎದುರಾಳಿಗೆ ಗೊಂದಲ ಮಾಡುವುದು, ಚೆಂಡು ಹಿಡಿದು ಓಡುವ ಆಟವನ್ನು ಇನ್ನೂ ಚೆನ್ನಾಗಿ ಮಾಡುವುದು, ಇಷ್ಟೇ. ಆ ವರ್ಷ ಕೇಲೆಬ್ ಜಾನ್ಸನ್ 1,537 ಗಜ ಓಡಿ 21 ಟಚ್‌ಡೌನ್ ಮಾಡಿದ. ಅಂದರೆ ಸಾಮಾನು ಮೊದಲೂ ಮನೆಯಲ್ಲೇ ಇತ್ತು, ಅಡುಗೆಯವರು ಬದಲಾದರು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಸೆಯುವ ಆಟ ಮಾತ್ರ ಹಾಗೇ ಕುಂಟುತ್ತಿತ್ತು, ಎಂಟು ಗೆದ್ದು ಐದು ಸೋತರು.

2025ಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಬಂದವನು ಮಾರ್ಕ್ ಗ್ರೊನೋವ್ಸ್ಕಿ. ಎಲ್ಲಿಂದ ಬಂದ ಗೊತ್ತಾ? ಸೌತ್ ಡಕೋಟಾ ಸ್ಟೇಟ್‌ನಿಂದ. ಆ 7–3 ಮ್ಯಾಚಿನಲ್ಲಿ ಮೂಲೆಯಲ್ಲಿ ಸಿಕ್ಕಿಕೊಂಡು ಒದ್ದಾಡಿದ್ದವನು ಇವನೇ! ಅದಾದ ಮೇಲೆ ಅಲ್ಲಿ ಎರಡು ಚಾಂಪಿಯನ್‌ಷಿಪ್ ಗೆದ್ದು ಬಂದ. ಇವನೂ ಎಸೆಯುವುದಕ್ಕಿಂತ ನುಗ್ಗುವುದರಲ್ಲೇ ಜೋರು. ಅಂತೂ ಅಂಕ ಬಂದವು. ವಿಸ್ಕಾನ್ಸಿನ್ ಎದುರು 37–0, ಮಿನ್ನೆಸೋಟಾ ಎದುರು 41–3 (ಕಾರ್ಪೆಟ್ ಕಲೆಗೆ ಸ್ವಲ್ಪ ಸಮಾಧಾನ ಆಯಿತು). ರೆಗ್ಯುಲರ್ ಸೀಸನ್ 8–4. ಆ ನಾಲ್ಕು ಸೋಲು ನೋಡಿ: ಅಯೋವಾ ಸ್ಟೇಟ್ (ಇದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ) 16–13, ಇಂಡಿಯಾನಾ 20–15, ಓರೆಗನ್ 18–16, ಯುಎಸ್‌ಸಿ 26–21. ನಾಲ್ಕೂ ಸೇರಿ 15 ಅಂಕದ ಅಂತರ. ಅದರಲ್ಲಿ ಇಂಡಿಯಾನಾ ಕೊನೆಗೆ ಇಡೀ ದೇಶದ ಚಾಂಪಿಯನ್ ಆಯಿತು. ಹಾಗಾಗಿ ಊಟದ ಮೇಜಿನ ಮೇಲೆ ಈಗ ವಾದ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊದಲು ‘ಅಫೆನ್ಸ್ ಇದೆಯಾ’ ಅಂತ ಜಗಳ, ಈಗ ‘ನಾಲ್ಕನೇ ಕ್ವಾರ್ಟರ್‌ನಲ್ಲಿ ಯಾಕೆ ಎಸೆಯಲಿಲ್ಲ, ಯಾಕೆ ಫೀಲ್ಡ್ ಗೋಲಿಗೆ ತೃಪ್ತಿಪಟ್ಟರು’ ಅಂತ. ನನ್ನ ಪ್ರಕಾರ ಇದು ಪ್ರಗತಿ.

ಈ ಸಲ ಗ್ರೊನೋವ್ಸ್ಕಿ ಇಲ್ಲ, ಅವನ ಅವಧಿ ಮುಗಿಯಿತು. ನುಗ್ಗೋ ಕ್ವಾರ್ಟರ್‌ಬ್ಯಾಕ್ ಹೋದ ಮೇಲೆ ಎಸೆಯೋ ಆಟ ಬರಲೇಬೇಕು, ಇಲ್ಲದಿದ್ದರೆ ಎದುರಾಳಿಗಳು ಎಂಟು ಜನರನ್ನು ಮುಂದೆ ನಿಲ್ಲಿಸಿ ಓಟ ಮುಚ್ಚಿಬಿಡುತ್ತಾರೆ. ಡಿಫೆನ್ಸ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಡಿಫೆನ್ಸ್ ಕೋಚ್ ಫಿಲ್ ಪಾರ್ಕರ್ ಇರೋವರೆಗೂ ಅದು ನಡೆಯುತ್ತದೆ. ಯಾರಾದರೂ ನಿಮ್ಮನ್ನು ‘ಎಷ್ಟು?’ ಅಂತ ಕೇಳಿದರೆ 8–4 ಅನ್ನಿ. ಬೈಯುವವರು ‘ಅಷ್ಟೇನಾ’ ಅನ್ನುತ್ತಾರೆ, ಹೊಗಳುವವರೂ ‘ಅಷ್ಟೇನಾ’ ಅನ್ನುತ್ತಾರೆ, ಮಾತು ಅವರ ನಡುವೆ ಮುಂದುವರಿಯುತ್ತದೆ, ನೀವು ಆರಾಮಾಗಿ ಊಟ ಮಾಡಬಹುದು. ಮೇಜಿನಲ್ಲಿ ಅಯೋವಾ ಸ್ಟೇಟ್‌ನಲ್ಲಿ ಓದಿದವರು ಯಾರಾದರೂ ಇದ್ದರೆ ಮಾತ್ರ 16–13 ಎತ್ತಬೇಡಿ. ಅವರೇ ಎತ್ತುತ್ತಾರೆ.