‘ಗೆ’ ಇಲ್ಲದ ಊರಲ್ಲಿ ಕೊಡುವುದು, ತಗೊಳ್ಳುವುದು

ನೀನು ‘ಅಕ್ಕ’ ಅಂತ ಶುರು ಮಾಡಿದ್ದೀಯ. ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ?

ಹಾಸನದಿಂದ ನರ್ಸ್ ಕೆಲಸಕ್ಕೆ ಇಂಗ್ಲೆಂಡಿನ ಬೋಲ್ಟನ್‌ಗೆ ಬಂದು ನಿನಗೆ ಮೂರು ವಾರ. ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಕೊಂಡೇ ಬಂದಿದ್ದೀಯ. ಆದರೂ ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್ ಚಾರ್ಟ್’ ಅಂದಾಗ ಜೊತೆಯವಳು ಮುಸಿಮುಸಿ ನಕ್ಕಳು. ಅದೇ ವಾರ್ಡಿನಲ್ಲಿ ಮಲಗಿರುವ ಅಜ್ಜ ‘ಗಿವ್ ಇಟ್ ಮಿ’ ಅಂದರೆ ಯಾರೂ ಏನೂ ಅನ್ನುವುದಿಲ್ಲ. ‘ಅವರದ್ದು ಸರಿ, ನನ್ನದು ತಪ್ಪು, ಇದು ಯಾವ ನ್ಯಾಯ ಅಕ್ಕ?’ ಅಂತ ಕೇಳಿದ್ದೀಯ. ಬಾಡಿಗೆ, ಚಳಿ, ಬಸ್ ಪಾಸ್ ಎಲ್ಲ ತಾನಾಗೇ ರೂಢಿಯಾಗುತ್ತದೆ. ನಾನು ಇದೊಂದಕ್ಕೇ ಉತ್ತರ ಬರೆಯುತ್ತೇನೆ.

ನಮ್ಮ ಹತ್ತಿರ ‘ಗೆ’ ಇದೆ. ‘ನನಗೆ ಪುಸ್ತಕ ಕೊಡು’ ಅನ್ನು, ‘ಪುಸ್ತಕ ಕೊಡು ನನಗೆ’ ಅನ್ನು, ಹೇಗೆ ತಿರುಗಿಸಿದರೂ ಪುಸ್ತಕ ಬರುವುದು ನನ್ನ ಕೈಗೇ. ಇಂಗ್ಲಿಷಿನಲ್ಲೂ ಸಾವಿರ ವರ್ಷದ ಹಿಂದೆ ಇಂಥ ವಿಭಕ್ತಿ ಪ್ರತ್ಯಯಗಳಿದ್ದವು. ಆಮೇಲೆ ಸವೆದು ಹೋದವು. ಈಗ ಆ ಕೆಲಸವನ್ನು ಪದ ನಿಂತ ಜಾಗ ಮಾಡುತ್ತದೆ. ‘ಗಿವ್ ಮಿ ದ ಬುಕ್’ ಅಂದಾಗ ‘ಗಿವ್’ ಪಕ್ಕದಲ್ಲೇ ನಿಂತವರು ತಗೊಳ್ಳುವವರು, ಆಮೇಲೆ ಬರುವುದು ವಸ್ತು. ವಸ್ತುವನ್ನು ಮೊದಲು ಹೇಳಿದರೆ ‘ಟು’ ಬೇಕು.

ಎಲ್ಲ ಕ್ರಿಯಾಪದಕ್ಕೂ ಈ ಸವಲತ್ತು ಇಲ್ಲ, ನೀನು ಎಡವಿದ್ದು ಅಲ್ಲೇ. ಗಿವ್, ಸೆಂಡ್, ಶೋ, ಟೆಲ್, ಟೀಚ್, ಲೆಂಡ್ ಇವೆಲ್ಲ ಇಂಗ್ಲಿಷಿನ ಹಳೇ ಮನೆಯ ಮಕ್ಕಳು. ಗಿಡ್ಡ ಪದಗಳು. ಇವುಗಳ ಹಿಂದೆ ಮನುಷ್ಯ, ವಸ್ತು ಎರಡೂ ಸಲೀಸಾಗಿ ನಿಲ್ಲುತ್ತವೆ. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಡೊನೇಟ್ ಲ್ಯಾಟಿನ್ ಮೂಲದಿಂದ ಬಂದ ನೆಂಟರು. ಅವಕ್ಕೆ ‘ಟು’ ಇಲ್ಲದೆ ನಡೆಯುವುದಿಲ್ಲ. ‘ಎಕ್ಸ್‌ಪ್ಲೇನ್ ದಿಸ್ ಟು ಮಿ’ ಅನ್ನಬೇಕು. ಇದೇನು ಕಟ್ಟುನಿಟ್ಟು ಅಲ್ಲ. ‘ಆಫರ್’, ‘ಪ್ರಾಮಿಸ್’ ಕೂಡ ಹೊರಗಿನವೇ, ಆದರೂ ಮನೆಯವರ ಹಾಗೆ ಓಡಾಡುತ್ತವೆ. ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಕೈಕೊಡುವುದು ‘ಸೇ’. ಗಿಡ್ಡ ಪದ, ಹಳೇ ಮನೆಯದೇ, ಆದರೂ ‘ಹಿ ಸೆಡ್ ಮಿ’ ತಪ್ಪು. ‘ಹಿ ಟೋಲ್ಡ್ ಮಿ’ ಅನ್ನಬೇಕು. ನಮಗೆ ‘ಸೇ’, ‘ಟೆಲ್’ ಎರಡೂ ‘ಹೇಳು’ ಅಲ್ವಾ, ಅದಕ್ಕೇ ಗೊಂದಲ. ನಾನು ಎರಡು ವರ್ಷ ‘ಡಾಕ್ಟರ್ ಸೆಡ್ ಮಿ’ ಅಂತಲೇ ಓಡಾಡಿದೆ. ಯಾರೂ ತಿದ್ದಲಿಲ್ಲ. ಇಲ್ಲಿನವರು ಹಾಗೇ, ತಿದ್ದಿದರೆ ನಮಗೆ ನೋವಾಗುತ್ತದೆ ಅಂತ ಸುಮ್ನೆ ಇರುತ್ತಾರೆ. ನಿನ್ನ ಜೊತೆಯವಳು ನಕ್ಕಿದ್ದು ಒಂದು ಲೆಕ್ಕದಲ್ಲಿ ನಿನ್ನ ಪುಣ್ಯ.

ಇನ್ನೊಂದು ಗುಂಡಿ ಇದೆ. ‘ಅಮ್ಮನಿಗೆ ಪಾರ್ಸೆಲ್ ಕಳಿಸಿದೆ’, ‘ಮೈಸೂರಿಗೆ ಪಾರ್ಸೆಲ್ ಕಳಿಸಿದೆ’. ನಮ್ಮ ‘ಗೆ’ ಅಮ್ಮ ಯಾರು, ಮೈಸೂರು ಯಾವುದು ಅಂತ ನೋಡುವುದಿಲ್ಲ. ಇಂಗ್ಲಿಷ್ ನೋಡುತ್ತದೆ. ‘ಐ ಸೆಂಟ್ ಮೈ ಮದರ್ ಎ ಪಾರ್ಸೆಲ್’ ಸರಿ. ‘ಐ ಸೆಂಟ್ ಮೈಸೂರ್ ಎ ಪಾರ್ಸೆಲ್’ ಅಂದರೆ ಊರೇ ಕೈ ಚಾಚಿ ತಗೊಂಡ ಹಾಗೆ ಕೇಳಿಸುತ್ತದೆ. ಆ ಜಾಗದಲ್ಲಿ ನಿಲ್ಲುವವರು ವಸ್ತುವನ್ನು ತಮ್ಮದು ಮಾಡಿಕೊಳ್ಳಬಲ್ಲವರಾಗಿರಬೇಕು. ಊರಿಗೆ ‘ಟು’ ಹಾಕಿದರೆ ಮುಗಿಯಿತು. ಒಮ್ಮೆ ಕೆಲಸದಲ್ಲಿ ಊಟದ ಹೊತ್ತಿಗೆ ಮನೆ ಕಡೆಯ ಮಾತು ಬಂತು. ನಮ್ಮಕ್ಕನನ್ನು ತುಮಕೂರಿಗೆ ಕೊಟ್ಟಿರುವುದನ್ನು ನಾನು ಹಾಗೇ ಇಂಗ್ಲಿಷಿಗೆ ಇಳಿಸಿಬಿಟ್ಟೆ. ‘ವಿ ಗೇವ್ ಮೈ ಸಿಸ್ಟರ್ ಟು ತುಮಕೂರು.’ ಎದುರಿಗಿದ್ದವಳ ಸ್ಯಾಂಡ್‌ವಿಚ್ ಬಾಯಿಯ ಹತ್ತಿರವೇ ನಿಂತಿತು. ‘ಟು’ ಏನೋ ಸರಿಯಾಗೇ ಹಾಕಿದ್ದೆ!

ಈಗ ಅಜ್ಜನ ವಿಷಯ. ‘ಗಿವ್ ಇಟ್ ಮಿ’ ತಪ್ಪಲ್ಲ, ಈ ಸೀಮೆಯ ಮಾತು. ಮ್ಯಾಂಚೆಸ್ಟರ್, ಲ್ಯಾಂಕಶೈರ್ ಕಡೆ, ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಧಾರಾಳವಾಗಿ ಕೇಳುತ್ತೀಯ. ಹಳೇ ಇಂಗ್ಲಿಷ್ ಬರಹದಲ್ಲೂ ಇದೆ. ವಸ್ತು ಮೊದಲು, ಮನುಷ್ಯ ಆಮೇಲೆ, ‘ಟು’ ಇಲ್ಲ. ಆದರೆ ಎರಡೂ ‘ಇಟ್’, ‘ಮಿ’, ‘ಹಿಮ್’ ಥರದ ಸರ್ವನಾಮ ಆಗಿದ್ದಾಗಲೇ ಇದು ಜಾಸ್ತಿ. ‘ಗಿವ್ ದ ಬುಕ್ ಮಿ’ ಅಂತ ನೀನು ಹೊರಟರೆ ಎಲ್ಲರೂ ತಿರುಗಿ ನೋಡುತ್ತಾರೆ. ವಾರ್ಡಿನಲ್ಲಿ ‘ಹ್ಯಾವ್ ಯು ಗಿವನ್ ಇಟ್ ಹಿಮ್?’ ಅಂತ ಕೇಳಿದರೆ ಗಾಬರಿ ಬೇಡ, ಅವರಿಗೆ ಆ ಮಾತ್ರೆ ಕೊಟ್ಟೆಯಾ ಅಂತ ಅಷ್ಟೇ. ನೀನು ದಾಖಲೆಯಲ್ಲಿ ಬರೆಯುವಾಗ ಮಾತ್ರ ‘ಟು’ ಬಿಡಬೇಡ.

ಇದಕ್ಕಿಂತ ನನ್ನನ್ನು ಜಾಸ್ತಿ ಆಟ ಆಡಿಸಿದ್ದು ‘ಅಸ್’. ಬಂದ ಮೊದಲ ವಾರ. ಜೊತೆಗೆ ಕೆಲಸ ಮಾಡುವವಳು ‘ಮೇಕ್ ಅಸ್ ಎ ಬ್ರೂ, ಲವ್’ ಅಂದಳು. ಬ್ರೂ ಅಂದರೆ ಇಲ್ಲಿ ಟೀ. ‘ಲವ್’ ಅಂದರೆ ಪ್ರೀತಿ ಗೀತಿ ಏನಿಲ್ಲ, ನಾವು ‘ಅಮ್ಮಾ’ ಅಂತ ಮಾತಿನ ಕೊನೆಗೆ ಸೇರಿಸುತ್ತೇವಲ್ಲ, ಹಾಗೆ. ‘ಅಸ್’ ಅಂದರೆ ‘ನಮಗೆ’ ತಾನೇ ಅಂತ ನಾನು ಕೋಣೆಯಲ್ಲಿದ್ದ ಆರು ಜನರಿಗೂ ಟೀ ಮಾಡಿ ಟ್ರೇ ಹಿಡಿದು ಬಂದೆ. ಅವಳು ಕೇಳಿದ್ದು ತನಗೊಬ್ಬಳಿಗೆ. ಉತ್ತರ ಇಂಗ್ಲೆಂಡಿನಲ್ಲಿ ಎಷ್ಟೋ ಸಲ ‘ಅಸ್’ ಅಂದರೆ ‘ನನಗೆ’. ‘ಗಿವ್ ಅಸ್ ಎ ಮಿನಿಟ್’ ಅಂದರೆ ಒಂದು ನಿಮಿಷ ತಾಳು. ‘ಗಿವ್ ಅಸ್ ಎ ಶೌಟ್’ ಅಂದರೆ ಬೇಕಾದಾಗ ಕರಿ. ‘ಗಿವ್ ಓವರ್’ ಅಂದರೆ ಮಾತ್ರ ಏನೂ ಕೊಡಬೇಡ, ‘ಸಾಕು ನಿಲ್ಲಿಸು’ ಅಂತ. ಆವತ್ತಿನ ಆರು ಕಪ್ ಟೀ ಒಂದೂ ಉಳಿಯಲಿಲ್ಲ ಅನ್ನು.

ನಮ್ಮ ‘ಮಾಡಿಕೊಡು’, ‘ತಂದುಕೊಡು’ ಇವೆಯಲ್ಲ, ಅವು ಒಮ್ಮೊಮ್ಮೆ ನೇರವಾಗಿ ಇಳಿಯುತ್ತವೆ. ‘ಬ್ರಿಂಗ್ ಮಿ’, ‘ಮೇಕ್ ಮಿ’ ಸರಿ. ‘ಬಾಗಿಲು ತೆಗೆದುಕೊಡು’ ಅನ್ನುವುದಕ್ಕೆ ‘ಓಪನ್ ಮಿ ದ ಡೋರ್’ ಅನ್ನಬೇಡ. ಅಲ್ಲಿ ‘ಫಾರ್ ಮಿ’ ಕೊನೆಗೆ ಹಾಕು.

ನೀನು ‘ಗಿವ್ ಇಟ್ ಮಿ’ ಕಲಿಯಬೇಕಾ? ಈಗಲೇ ಬೇಡ. ಕೇಳಿ ಅರ್ಥ ಮಾಡಿಕೊಂಡರೆ ಸಾಕು, ಬಾಯಿಗೆ ತಾನಾಗೇ ಬರುತ್ತದೆ. ನನ್ನ ಮಗ ಇಲ್ಲೇ ಹುಟ್ಟಿದವನು, ಅವನಿಗೆ ಅದು ಹಾಲು ಕುಡಿದಷ್ಟು ಸುಲಭ. ಅವನು ಎಡವುವುದು ನಮ್ಮ ‘ಗೆ’ಯಲ್ಲಿ. ಚಿಕ್ಕವನಿದ್ದಾಗ ಅಜ್ಜಿಯ ಹತ್ತಿರ ಫೋನಿನಲ್ಲಿ ‘ಅಜ್ಜಿ, ನಾನು ಚಕ್ಕುಲಿ ಬೇಕು’ ಅನ್ನುತ್ತಿದ್ದ. ‘ನನಗೆ’ ಅನ್ನೋ ಅಂತ ನಾನು ಈ ಕಡೆಯಿಂದ ಪಿಸುಗುಡುತ್ತಿದ್ದೆ. ಅವನು ಅಷ್ಟೇ ಜೋರಾಗಿ ‘ನಾನು ಬೇಕು, ನಾನು ಬೇಕು’ ಅನ್ನುತ್ತಿದ್ದ. ಆ ಕಡೆಯಿಂದ ಅಮ್ಮ, ‘ನೀನು ಬೇಕು ಕಣಪ್ಪಾ, ಯಾರು ಬೇಡ ಅಂದರು?’